ಕೋತಿ ಸುಮ್ಮನೆ ಕೂತರೂ ಬರೆಯಬೇಕು

ಕದರಮ್ಮನ ಹೆಬ್ಬೆರಳು ಮೊಬೈಲಿನ ಮೇಲಿದೆ, ಕಣ್ಣು ಬಂಡೆಯ ಮೇಲಿದೆ. ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ಇನ್ನೂ ಮಂಜು ಬಿಟ್ಟಿಲ್ಲ. ರಾತ್ರಿ ಬಂಡೆಯ ಮೇಲೆ ಮಲಗಿದ್ದ ಕೋತಿಗಳು ಒಂದೊಂದಾಗಿ ಮೈ ಮುರಿಯುತ್ತಿವೆ. ಇವತ್ತು ಆಕೆ ನೋಡಬೇಕಾದದ್ದು ಕಿವಿ ಹರಿದ ಒಂದು ಹೆಣ್ಣುಕೋತಿಯನ್ನು ಮಾತ್ರ. ಅದು ಮರಿಯ ಹೇನು ಹೆಕ್ಕಿದರೆ ಒಂದು ಗುರುತು, ತಿಂದರೆ ಇನ್ನೊಂದು, ಜಗಳವಾಡಿದರೆ ಮತ್ತೊಂದು. ಸದ್ಯ ಅದು ತೆಂಗಿನ ತೋಟದ ಕಡೆ ಮುಖ ಮಾಡಿ ಕೂತಿದೆ. ಕದರಮ್ಮ ಅದನ್ನೂ ದಾಖಲಿಸುತ್ತಾರೆ.

"ಸುಮ್ನೆ ಕೂತೈತೆ ಅಂತ ಬುಡಂಗಿಲ್ಲ. ಕೂತ್ಕೊಂಡು ನೋಡ್ತಾ ಐತೆ, ಅಂದ್ರೆ ಕಾವಲು. ಅದಕ್ಕೂ ಒಂದು ಕಾಲಂ ಐತೆ."

ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟ ಅಜ್ಜಿಯೊಬ್ಬರು ಅಲ್ಲೇ ನಿಲ್ಲುತ್ತಾರೆ. "ಏನೇ ಕದ್ರಿ, ನಿನ್ನ ಕಿವಿಹರುಕಿ ಸೊಸೆ ನಿನ್ನೆ ನಮ್ಮ ಅವರೆ ಹೊಲಕ್ಕೆ ನುಗ್ಗಿದ್ಲು ಕಣೇ!"

"ಬೀಗರ ಮನೆ ಊಟ ಅಂತ ಉಂಡವ್ಳೆ ಬುಡಕ್ಕ, ಕೋಪ ಮಾಡ್ಕೋಬ್ಯಾಡ." ಅಜ್ಜಿ ಬೈಯುತ್ತಲೇ ನಗುತ್ತಾ ಹೋಗುತ್ತಾರೆ.

ಊರಿನಲ್ಲಿ ಆಕೆಗೆ ಕೋತಿ ಮೇಡಂ ಎಂದೇ ಹೆಸರು. ಗುಬ್ಬಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಮುಗಿಸಿ, ಕುಣಿಗಲ್ ತಾಲ್ಲೂಕಿಗೆ ಸೊಸೆಯಾಗಿ ಬಂದವರು. ಕೋತಿಗಳ ನಡವಳಿಕೆಯ ಮೇಲೆ ಪಿಎಚ್‌.ಡಿ ಮಾಡುತ್ತಿರುವ ತೇಜಸ್ವಿನಿ ಇವರ ಮನೆಯ ಹೊರಕೋಣೆಗೆ ಬಾಡಿಗೆಗೆ ಬಂದಾಗಿನಿಂದ ಈ ಕೆಲಸ. ಒಮ್ಮೆ ತೇಜಸ್ವಿನಿಗೆ ಜ್ವರ ಬಂದು, "ಗುಂಪು ಯಾವ ಕಡೆ ಹೋಯ್ತು, ಅಷ್ಟು ನೋಡ್ಕೊಂಡು ಬನ್ನಿ ಸಾಕು" ಎಂದು ಕಳಿಸಿದ್ದರು. ಕದರಮ್ಮ ಮದುವೆ ಮನೆಯ ಸುದ್ದಿ ಹೇಳುವಂತೆ, ಯಾರು ಯಾರ ಪಕ್ಕ ಕೂತರು, ಯಾರಿಗೆ ಯಾರ ಮೇಲೆ ಮುನಿಸು ಎಂದೆಲ್ಲ ಬಂದು ಹೇಳಿದರು. ಆಮೇಲೆ ಬಿಡುವೇ ಇಲ್ಲ. ಕೆರೆ ನೀರಿನ ಪರೀಕ್ಷೆಗೆ ಬಂದವರೂ ಕರೆದರು. ಈಗ ತುಮಕೂರಿನ ಸುಮನಾ ಎಂಬ ಸಂಶೋಧಕಿ ಹಳ್ಳಿ ಹೆಂಗಸರ ದುಡಿಮೆಯ ಬಗ್ಗೆ ಅಧ್ಯಯನ ನಡೆಸುತ್ತಿದ್ದಾರೆ. ಅದಕ್ಕಾಗಿ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಕೇಳುವುದೂ ಕದರಮ್ಮನ ಪಾಲಿಗೆ ಬಂದಿದೆ.

"ಯಾವ ಸಬ್ಜೆಕ್ಟ್ ಆದ್ರೇನು? ನೋಡೋದು, ಕೇಳೋದು, ಇದ್ದಂಗೆ ಬರಿಯೋದು. ನಮ್ಮದು ಸೇರಿಸ್ಬಾರ್ದು."

ಕೋತಿಗಳೇ ವಾಸಿ, ಬಾಗಿಲು ಹಾಕಿಕೊಳ್ಳುವುದಿಲ್ಲ ಎನ್ನುತ್ತಾರೆ. ಕೆಲವು ಊರುಗಳಲ್ಲಿ "ರೇಷನ್ ಕಾರ್ಡ್ ಕಿತ್ಕೊಳ್ಳಕ್ಕೆ ಬಂದವ್ಳೆ" ಎಂದು ಒಳಗಿನಿಂದ ಚಿಲಕ ಬೀಳುತ್ತದೆ. ತೆರೆದ ಬಾಗಿಲಲ್ಲೂ ಹೆಂಗಸರು ಹೇಳುವುದು ಒಂದೇ ಮಾತು: "ಯಜಮಾನ್ರು ಇಲ್ಲ, ಆಮೇಲೆ ಬನ್ನಿ." ಮನೆಯ ಹಿರಿಯರಲ್ಲಿ ಯಾರಾದರೊಬ್ಬರು ಹೇಳಿದರೆ ಅದೇ ಇಡೀ ಮನೆಯ ಉತ್ತರ ಎಂಬುದು ಈ ಅಧ್ಯಯನದ ನಿಯಮ. ಮುಂದೆ ಬಂದು ಕೂರುವವರು ಬಹುಪಾಲು ಗಂಡಸರೇ.

ಅದೇ ದಿನ ಮಧ್ಯಾಹ್ನ ಗುಬ್ಬಿ ಹತ್ತಿರದ ಹಳ್ಳಿಯೊಂದರಲ್ಲಿ ಹಾಗೇ ಆಗುತ್ತದೆ. "ನಮ್ಮ ಹೆಂಗಸರು ಮನೇಲೇ ಇರ್ತಾರೆ, ಕೆಲ್ಸ ಅಂತ ಏನಿಲ್ಲ" ಎಂದು ಮನೆಯಾತ ಹೇಳುತ್ತಿರುವಾಗಲೇ ಅವರ ಹೆಂಡತಿ ಭದ್ರಮ್ಮ ರಾಗಿ ಹೊರೆ ಹೊತ್ತು ಅಂಗಳಕ್ಕೆ ಬರುತ್ತಾರೆ. ಕದರಮ್ಮ ಎದ್ದು ಹೊರೆ ಇಳಿಸಲು ಕೈ ಜೋಡಿಸುತ್ತಾರೆ. ಪಕ್ಕದಲ್ಲೇ ನೆಲದ ಮೇಲೆ ಕೂರುತ್ತಾರೆ. ಏನು ಕೆಲಸ ಮಾಡುತ್ತೀರಿ ಎಂದು ಕೇಳುವುದಿಲ್ಲ.

"ಎದ್ದ ತಕ್ಷಣ ಏನ್ ಮಾಡುದ್ರಿ ಅಕ್ಕ?"

"ಎದ್ದು... ಕೊಟ್ಟಿಗೆ ಬಾಚ್ದೆ." ಭದ್ರಮ್ಮ ಗಂಡನ ಮುಖ ನೋಡುತ್ತಾರೆ. ಕದರಮ್ಮ ಏನೂ ಹೇಳದೆ ಕಾಯುತ್ತಾರೆ. "ಹಾಲು ಕರೆದೆ. ಮುದ್ದೆ ತಿರುವಿ ಹೊಲಕ್ಕೆ ಹೋದೆ. ಆಮೇಲೆ ಸುಮ್ನೆ ಕೂತಿದ್ದೆ."

"ಎಲ್ಲಿ ಕೂತಿದ್ರಿ?"

"ಕಣದ ಹತ್ರ. ಕೋಳಿ, ನವಿಲು ಬರ್ತಾವಲ್ಲ, ಓಡ್ಸಕ್ಕೆ."

ಕಾವಲು ಎಂಬ ಕಾಲಂ ಆ ಪ್ರಶ್ನಾವಳಿಯಲ್ಲೂ ಇದೆ. ಕದರಮ್ಮ ತುಂಬುತ್ತಾರೆ. ಮನೆಯಾತ ತಲೆ ಕೆರೆದುಕೊಳ್ಳುತ್ತಾ, "ಅದನ್ನೂ ಬರೀತೀರಾ?" ಎನ್ನುತ್ತಾರೆ. "ಬೆಟ್ಟದ ಕೋತಿ ಕೂತ್ರೇ ಬರೀತೀನಿ ಅಣ್ಣ, ಅಕ್ಕ ಕೂತ್ರೆ ಬುಡ್ತೀನಾ?" ಎಲ್ಲರಿಗಿಂತ ಮೊದಲು ಭದ್ರಮ್ಮನೇ ನಗುತ್ತಾರೆ.

ಬಾಯಿ ಮುಚ್ಚಿಕೊಂಡು ಕಾಯುವುದನ್ನು ಕೋತಿಗಳೇ ಕಲಿಸಿದವು ಎನ್ನುತ್ತಾರೆ ಕದರಮ್ಮ. "ನಾವು ಅಲ್ಲಾಡುದ್ರೆ ಅವು ಓಡೋಗ್ತವೆ. ಹೆಂಗಸರ ಮಾತೂ ಅಂಗೇ."

ಸಂಜೆ ತುಮಕೂರು, ಕುಣಿಗಲ್‌ಗಳಲ್ಲಿ ಬಸ್ಸು ಬದಲಿಸಿ ಮನೆ ಸೇರುವ ಹೊತ್ತಿಗೆ ಸುಮನಾ ಅವರ ಫೋನು. ಅಧ್ಯಯನಕ್ಕೆ ಮನೆಗಳನ್ನು ಆರಿಸಲು ಎತ್ತಿದ ಚೀಟಿಯಲ್ಲಿ ಈ ಬಾರಿ ಕದರಮ್ಮನ ಮನೆಯೇ ಬಂದಿದೆ. ತಮ್ಮ ಮನೆಯನ್ನು ತಾವೇ ಕೇಳುವಂತಿಲ್ಲ. ನಾಳೆ ಬೆಳಿಗ್ಗೆ ತುಮಕೂರಿನ ಬಟವಾಡಿಯಿಂದ ಕಾವ್ಯ ಎಂಬ ಹುಡುಗಿ ಕೇಳಲು ಬರುತ್ತಾಳೆ.

ಹಿರೇಹಳ್ಳಿಯ ಕಾರ್ಖಾನೆಯಿಂದ ಆಗಷ್ಟೇ ಬಂದ ಪತಿ ಗಂಗಾಧರ್ ಬೂಟು ಕಳಚುತ್ತಾ ಕೇಳಿಸಿಕೊಳ್ಳುತ್ತಾರೆ. ಹೆಂಡತಿಯನ್ನು ನೋಡಿ ಊರು ನಕ್ಕಾಗ ಆಕೆಯ ಪರವಾಗಿ ನಿಂತ ಮನುಷ್ಯ. "ನಾಳೆ ನಂಗೆ ರಜಾ. ನಾನೇ ಹೇಳ್ತೀನಿ ಬುಡು, ನೀನು ನಿನ್ ಕೋತಿ ನೋಡ್ಕೋ ಹೋಗು."

"ಏನಂತ ಹೇಳ್ತೀರ?"

"ಏನೈತೆ ಹೇಳಕ್ಕೆ? ನಾನು ಫ್ಯಾಕ್ಟ್ರಿಗೆ ಹೋಗ್ತೀನಿ, ನೀನು ಮನೇಲಿರ್ತೀಯ." ಕುಹಕವೇನೂ ಇಲ್ಲದ ದನಿ. ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗುತ್ತಾರೆ.

ಕದರಮ್ಮ ಮುದ್ದೆ ಕೋಲನ್ನು ಹಿಡಿದು ತಿರುವುತ್ತಲೇ ಇರುತ್ತಾರೆ. ಗಂಟು ಒಡೆದ ಮೇಲೂ ತಿರುವುತ್ತಾರೆ. ಮುದ್ದೆ ಕಟ್ಟಿ, ಕೈ ತೊಳೆದು, ಹೊರಕೋಣೆಯ ಬಾಗಿಲಿಗೆ ಹೋಗುತ್ತಾರೆ.

"ನಾಳೆ ಬಂಡೆ ಹತ್ರ ನೀವೇ ಹೋಗ್ಬನ್ನಿ ತೇಜಸ್ವಿನಿ ಮೇಡಂ. ನಂಗೆ ಮನೇಲಿ ಕೆಲ್ಸ ಐತೆ."

ಬಚ್ಚಲಿನಲ್ಲಿ ಇನ್ನೂ ನೀರು ಹುಯ್ದುಕೊಳ್ಳುವ ಸದ್ದು. ಕದರಮ್ಮ ನಡುಮನೆಯಿಂದ ಎರಡು ಕುರ್ಚಿಗಳನ್ನು ಜಗಲಿಗೆ ತಂದು, ಸೆರಗಿನಿಂದ ಒರೆಸಿ, ಕಾವ್ಯಳಿಗೊಂದು, ತಮಗೊಂದು ಎಂದು ಒಂದರ ಎದುರಿಗೆ ಒಂದನ್ನು ಇಡುತ್ತಾರೆ.