ನಾನು ಬರೆದ ಮೊದಲ ತೀರ್ಪು

ಗದಗಿನ ಕೋರ್ಟಿನಲ್ಲಿ ಇಪ್ಪತ್ತು ವರ್ಷ ಕರಿಕೋಟು ಹಾಕಿದ ಮೇಲೆ ನನಗೆ ಜಿಲ್ಲಾ ನ್ಯಾಯಾಧೀಶೆ ಆಗುವ ಆಸೆ ಹುಟ್ಟಿತು. ವಯಸ್ಸಿನ ಮಿತಿ ದಾಟಲು ಕೆಲವೇ ತಿಂಗಳು ಉಳಿದಿದ್ದವು. ಈ ಸಲ ಅರ್ಜಿ ಹಾಕದಿದ್ದರೆ ಮುಂದೆ ಆ ಮಾತೇ ಇಲ್ಲ. ವಾದದಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿಲ್ಲ ಎಂಬ ಸೊಕ್ಕು ನನಗಿತ್ತು. ಸುಳ್ಳು ಯಾಕೆ ಹೇಳಲಿ, ಈಗಲೂ ಸ್ವಲ್ಪ ಇದೆ.

ಪರೀಕ್ಷೆಯಲ್ಲಿ ತೀರ್ಪು ಬರೆಯುವುದೂ ಒಂದು ಭಾಗ. ಅಷ್ಟು ವರ್ಷ ತೀರ್ಪು ಕೇಳಿದ್ದೆನೇ ಹೊರತು ಒಂದನ್ನೂ ಬರೆದಿರಲಿಲ್ಲ. ಬೆಟಗೇರಿಯಲ್ಲಿ ನೆಲೆಸಿರುವ ಒಬ್ಬ ನಿವೃತ್ತ ನ್ಯಾಯಾಧೀಶರಲ್ಲಿಗೆ ಹೋಗಿ ಕಲಿಸಿಕೊಡಲು ಕೇಳಿಕೊಂಡೆ. ಅವರು ಯಾವುದೋ ಹಳೆಯ ದಾವೆಯ ಕಾಗದಗಳನ್ನು, ವಕೀಲರ ವಾದ ತೆಗೆದು, ಊರು, ಹೆಸರು ಅಳಿಸಿ ಕೊಟ್ಟು, "ಓದಿ ತೀರ್ಪು ಬರೀರಿ. ಜಲ್ದಿ ಮಾಡಬ್ಯಾಡ್ರಿ" ಎಂದರು.

ನಾವು ವಕೀಲರು ಎದುರು ಪಕ್ಷದ ಸಾಕ್ಷಿ ಓದುವ ರೀತಿಯೇ ಬೇರೆ. ಎಲ್ಲಿ ಮಾತು ತಪ್ಪಿದೆ ಎಂದು ಹುಡುಕುತ್ತೇವೆ, ಸಿಕ್ಕಿದ್ದಕ್ಕೆ ಕೆಂಪು ಗೆರೆ ಎಳೆಯುತ್ತೇವೆ, ಉಳಿದದ್ದನ್ನು ಬಿಡುತ್ತೇವೆ. ಈ ಸಲ ನನಗೆ ಪಕ್ಷವೇ ಇರಲಿಲ್ಲ. ಹಾಗಾಗಿ ಮೊದಲಿನಿಂದ ಕೊನೆಯವರೆಗೆ ಓದಿದೆ. ವಾದಿ ಒಬ್ಬ ವಿಧವೆ. ಪೆನ್ಶನ್ ಕಾಗದ ಎಂದು ಹೇಳಿ ಮೈದುನ ತನ್ನಿಂದ ಹೆಬ್ಬೆಟ್ಟು ಒತ್ತಿಸಿಕೊಂಡ, ಆಮೇಲೆ ನೋಡಿದರೆ ಅದು ಹೊಲದ ಹಕ್ಕು ಬಿಟ್ಟ ಪತ್ರ ಎಂಬುದು ಅವಳ ದೂರು. ಯಾವ ದಿನ ಎಂದು ಕೇಳಿದರೆ ಒಮ್ಮೆ ಅಮಾವಾಸ್ಯೆ ಅಂದಿದ್ದಳು, ಇನ್ನೊಮ್ಮೆ ಅಮಾವಾಸ್ಯೆ ಕಳೆದು ಮೂರು ದಿನಕ್ಕೆ ಅಂದಿದ್ದಳು. ಗಂಡನನ್ನು ಮಣ್ಣು ಮಾಡಿ ತಿಂಗಳೂ ಆಗದವಳು ದಿನ ಮರೆತರೆ ಅದು ಸುಳ್ಳಲ್ಲ ಎಂದು ಬರೆದು, ಹೊಲದಲ್ಲಿ ಅವಳ ಪಾಲನ್ನು ಅವಳಿಗೆ ಕೊಟ್ಟೆ. ಬರೆದು ಮುಗಿಸಿದಾಗ ಹೆಮ್ಮೆಯಾಗಿತ್ತು.

ಮರುದಿನ ಬೆಳಿಗ್ಗೆ ಸಾಹೇಬರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಇದು ನಿಮ್ಮದ ಕೇಸು, ವಕೀಲ್ರ. ಹನ್ನೆರಡು ವರ್ಷದ ಹಿಂದಿಂದು, ಲಕ್ಷ್ಮೇಶ್ವರದ ಕಡೆ ಹೊಲದ್ದು. ಮೈದುನನ ಪರವಾಗಿ ನೀವ ಇದ್ರಿ."

ನಾನು ನಂಬಲಿಲ್ಲ. ಅವರು ಒಳಗಿನಿಂದ ಮೂಲ ತೀರ್ಪಿನ ಪ್ರತಿ ತಂದು ಮುಂದಿಟ್ಟರು. ದಾವೆ ವಜಾ. ಆ ತೀರ್ಪು ಕೊಟ್ಟವರು ಈ ಸಾಹೇಬರೇ. ದಿನವೇ ಗೊತ್ತಿಲ್ಲದ ವಾದಿಯನ್ನು ನಂಬಲಾಗದು ಎಂಬ ಸಾಲು ನನ್ನ ಲಿಖಿತ ವಾದದ್ದು, ಒಂದಕ್ಷರ ಬಿಡದೆ ಅಲ್ಲಿತ್ತು. ಕಟಕಟೆಯಲ್ಲಿ ಅವಳನ್ನು ನಿಲ್ಲಿಸಿ, ಅಮಾವಾಸ್ಯೆಯ ಬಗ್ಗೆ ಕೇಳಿ ಕೇಳಿ ಅಳಿಸಿದವಳು ನಾನೇ. ಅವಳ ಮುಖ ಕೂಡ ನೆನಪಾಗಲಿಲ್ಲ. ನನಗೆ ಹೆಚ್ಚು ದಿಗಿಲಾದದ್ದು ಅದಕ್ಕೆ.

"ನನಗ ಇದನ್ನ ಯಾಕ ಕೊಟ್ರಿ ಸಾಹೇಬ್ರ?" ಸಿಟ್ಟಿನಿಂದ ಕೇಳಿದೆ.

"ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ರಿ. ನಾ ತಪ್ಪಿದ್ನೇನು ಅಂತ ಯಾರನ್ನ ಕೇಳ್ಲಿ? ಖರೆ ಉತ್ತರ ನೀವ ಕೊಟ್ರಿ." ನಾನು ಬರೆದ ತೀರ್ಪನ್ನು ನನ್ನ ಕಡೆ ಸರಿಸಿ, "ಅರ್ಜಿ ಹಾಕ್ರಿ. ಚಲೋ ಜಡ್ಜ್ ಆಗ್ತೀರಿ" ಎಂದರು.

"ಆಕಿ ಅಪೀಲಿಗೆ ಹೋಗಲಿಲ್ಲೇನ್ರಿ? ಈಗ ಎಲ್ಲಿದ್ದಾಳ?"

"ಅಪೀಲು ಮಾಡಾಕ ಆಕಿ ಹಿಂದ ಯಾರದಾರ? ಅದ ಊರಾಗ ಅದಾಳಂತ. ಅದ ಹೊಲಕ್ಕ, ಮೈದುನನ ಕಡೆ ಕೂಲಿಗೆ ಹೋಗ್ತಾಳಂತ."

ಅರ್ಜಿಯ ಜೊತೆ ಲಗತ್ತಿಸಬೇಕಾದ ನಡತೆಯ ಪ್ರಮಾಣಪತ್ರಕ್ಕೆ ಅವರ ಸಹಿ ಕೇಳಬೇಕೆಂದು ಬಂದಿದ್ದೆ. ಆ ಕಾಗದವನ್ನು ಚೀಲದಿಂದ ಹೊರಗೆ ತೆಗೆಯಲು ನನಗೆ ಧೈರ್ಯವಾಗಲಿಲ್ಲ.