ಕತ್ತರಿಯಮ್ಮ ಕತ್ತರಿಸಿದ್ದು

ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು. "ಮನೇಲಿ ನನ್ನ ಮಾತು ಕತ್ತರಿಸಿ ಕತ್ತರಿಸಿ ಪಳಗಿದ ಕೈ, ಅದಕ್ಕೇ ಕೆಲಸ ಕೊಟ್ಟಿದ್ದಾರೆ" ಎಂದು ಗಂಡ ಬಂದವರೆದುರೆಲ್ಲ ಹೇಳಿ ನಗುತ್ತಿದ್ದ.

ಕೆಲಸವೇನೋ ಸಣ್ಣದು. ಮುದಿಯಾಗಿ ಉಬ್ಬಿ ಕೆಂಪಾದ ನಕ್ಷತ್ರವೊಂದನ್ನು ಸುತ್ತಿದ ಅನಿಲದ ಹೊದಿಕೆಯಿಂದ ಬರುವ ರೇಡಿಯೋ ಅಲೆಗಳನ್ನು ಕಚೇರಿಯ ಹಿತ್ತಲಿನ ದೊಡ್ಡ ಆಂಟೆನಾ ಹಿಡಿಯುತ್ತಿತ್ತು. ಅವು ಪರದೆಯ ಮೇಲೆ ಗೆರೆಯಾಗಿ ಮೂಡುತ್ತಿದ್ದವು. ಗೆರೆ ದಿಬ್ಬದಂತೆ ಮೆಲ್ಲಗೆ ಉಬ್ಬಿದರೆ ನಕ್ಷತ್ರದ್ದು. ಸೂಜಿಯಂತೆ ನೆಟ್ಟಗೆ ಎದ್ದರೆ ಯಾರದೋ ಮೊಬೈಲಿನ ಗಲಾಟೆ. ಸೂಜಿ ಕಂಡಲ್ಲಿ ಗುಂಡಿ ಒತ್ತಿ ಕತ್ತರಿಸಬೇಕು, ಇದು ಕಚೇರಿಯ ಕಟ್ಟಪ್ಪಣೆ. ಕತ್ತರಿಸಿದ್ದನ್ನು ಎತ್ತಿಡುವ ಪದ್ಧತಿಯೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಆಕೆ ಒಂದು ಸೂಜಿಯನ್ನೂ ಬಿಟ್ಟವಳಲ್ಲ.

ಆಕೆ ಕತ್ತರಿಸಿ ಉಳಿಸಿದ ನುಣುಪಾದ ಗೆರೆಯನ್ನೇ ಮುಂದಿಟ್ಟುಕೊಂಡು ಹಿರಿಯ ವಿಜ್ಞಾನಿಯೊಬ್ಬರ ಬಾಯಿ ಮುಚ್ಚಿಸಲಾಗಿತ್ತು. ಆ ಹೊದಿಕೆ ಶಾಂತವಾಗಿಲ್ಲ, ಆಗಾಗ ಅನಿಲವನ್ನು ರಭಸದಿಂದ ಹೊರಗೆಸೆಯುತ್ತದೆ ಎಂದು ಅವರು ಕೊನೆಯವರೆಗೂ ಹಟ ಹಿಡಿದಿದ್ದರು. "ಹಾಗೆ ಎಸೆದ್ರೆ ಗೆರೆ ಎಗರ್ಬೇಕಲ್ಲ, ಎಲ್ಲಿದೆ ತೋರ್ಸಿ ಸಾರ್" ಎಂದು ಕಿರಿಯರೂ ನಕ್ಕರು. ಅವರು ತಲೆ ತಗ್ಗಿಸಿಕೊಂಡೇ ನಿವೃತ್ತರಾದರು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಸೂಜಿ ಎದ್ದಿತು. ಕತ್ತರಿಯಮ್ಮನ ಬೆರಳು ಗುಂಡಿಯ ಮೇಲಿತ್ತು.

"ಅಕ್ಕಾ, ಒಂದ್ನಿಮಿಷ ಇರಿ!" ಎಂದಳು ಹೊಸದಾಗಿ ಸೇರಿದ್ದ ಸಂಶೋಧಕಿ. ಅವಳು ಆಂಟೆನಾವನ್ನು ನಕ್ಷತ್ರದಿಂದ ತುಸು ಆಚೆ ತಿರುಗಿಸಿದಳು. ಸೂಜಿ ಮಾಯ. ಮರಳಿ ತಿರುಗಿಸಿದಳು. ಸೂಜಿ ಹಾಜರ್. ಮೂರು ಸಲ ಹೀಗೇ ಆಯಿತು.

"ಮೊಬೈಲಿಂದಾಗಿದ್ರೆ ಎತ್ತ ತಿರುಗಿಸಿದ್ರೂ ಇರ್ಬೇಕಿತ್ತಲ್ವಾ ಅಕ್ಕಾ? ಇದು ನಕ್ಷತ್ರದ್ದೇ. ಅನಿಲಾನ ಹೊರಗೆ ಎಸೀತಿದೆ."

ಇಷ್ಟು ಸುಲಭದ ಪರೀಕ್ಷೆ ಇಪ್ಪತ್ತೆರಡು ವರ್ಷದಲ್ಲಿ ಯಾವ ಪುಣ್ಯಾತ್ಮನಿಗೂ ಹೊಳೆದಿರಲಿಲ್ಲ! ಕತ್ತರಿಯಮ್ಮ ಅಷ್ಟು ವರ್ಷ ಒತ್ತಿದ್ದ ಬೆರಳನ್ನು ಯಾರದೋ ಎಂಬಂತೆ ನೋಡಿಕೊಂಡಳು.

ಮಧ್ಯಾಹ್ನ ಊಟವನ್ನೂ ಮಾಡದೆ ಆ ಹಿರಿಯರ ಮನೆಗೆ ಹೋದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ನಿಮ್ಮ ಬಾಳಿಗೆ ಕಲ್ಲು ಹಾಕಿದ್ದು ನಾನೇ ಸಾರ್. ಬೈದುಬಿಡಿ" ಎಂದಳು.

ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಬೈಗುಳ ಬರಲೇ ಇಲ್ಲ. ಬದಲಿಗೆ ಕುರ್ಚಿಯನ್ನು ಆಕೆಯತ್ತ ಎಳೆದರು.

"ಹಾಗಾದ್ರೆ ನೀನು ನೋಡಿದ್ದೀಯಲ್ಲಮ್ಮಾ! ನಾನು ಒಂದನ್ನಾದ್ರೂ ನೋಡ್ಬೇಕು ಅಂತ ಜೀವ ಸವೆಸ್ದೆ. ನೀನು ಎಲ್ಲಾನೂ ನೋಡಿದ್ದೀಯ. ಕೂತ್ಕೋ, ನಿಧಾನಕ್ಕೆ ಹೇಳು. ಹೇಗಿತ್ತು? ಎಷ್ಟೆತ್ತರ ಇತ್ತು?"

ಕತ್ತರಿಯಮ್ಮ ಬಾಯಿ ತೆರೆದಳು. ಸಾವಿರಾರು ಸೂಜಿಗಳನ್ನು ಕತ್ತರಿಸಿದ್ದಳು. ಒಂದಾದರೂ ನೆನಪಿಗೆ ಬರಲಿಲ್ಲ.