ರೊಪ್ಪದ ಕುರಿಗಳು ಎದ್ದು ನಿಂತವು

"ಈ ಹಳೇ ಡಬ್ಬ ಇನ್ನು ಏಳಾಕಿಲ್ಲ ಕಣಮ್ಮಿ, ನಿನ್ ಡಿಗ್ರಿನೂ ಅಷ್ಟೇಯ" ಎಂದು ನನ್ನ ಕಂಪ್ಯೂಟರ್ ನೋಡಿ ಅಂದಿದ್ದವರು ನನ್ನ ಸೋದರಮಾವ. ಕುರಿ ಸಾಕುವ ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿಗೆ ಹೋದವರಲ್ಲ. ಕೊನೆಯ ವರ್ಷದ ಪ್ರಾಜೆಕ್ಟ್ ಆ ಕಂಪ್ಯೂಟರಿನಲ್ಲೇ ಮುಗಿಸಬೇಕಿತ್ತು. ಅದೋ, ಪ್ರಾಜೆಕ್ಟ್ ಫೈಲ್ ತೆರೆದರೆ ಸಾಕು, ಅಲ್ಲೇ ನಿಂತುಬಿಡುತ್ತಿತ್ತು.

ಹಿಂದೂಪುರದಿಂದ ಅದಕ್ಕೆ ಹೊಂದುವ, ಇನ್ನೂ ವೇಗದ ಪ್ರೊಸೆಸರ್ ತಂದೆ. ಅಮರಾಪುರದ ಹತ್ತಿರದ ನಮ್ಮೂರಿನ ಮನೆಯಲ್ಲಿ ನಾನೇ ಕೂತು ಹಳೆಯದನ್ನು ತೆಗೆದು, ಶಾಖ ದಾಟಿಸಲು ಹಚ್ಚಿ ಒಣಗಿದ್ದ ಪೇಸ್ಟ್ ಒರೆಸಿ, ಹೊಸ ಪ್ರೊಸೆಸರ್ ಕೂರಿಸಿ, ಹೊಸ ಪೇಸ್ಟ್ ಹಚ್ಚಿ, ಮೇಲೆ ಫ್ಯಾನ್ ಬಿಗಿದೆ. ಮುಸ್ಸಂಜೆ. ಅಂಗಳದ ರೊಪ್ಪದಲ್ಲಿ ಕುರಿಗಳು ಮಲಗಿದ್ದವು. ಸ್ವಿಚ್ ಒತ್ತಿದೆ.

"ಹುರ್ರ್ರ್... ಬಾ, ಬಾ, ಬಾ!"

ಅಪ್ಪನ ದನಿ! ಅವರು ತೀರಿಕೊಂಡು ವರ್ಷದ ಮೇಲಾಗಿತ್ತು. ಜಗಲಿಯಲ್ಲಿದ್ದ ಮಾವ "ಯಾರು, ಭಾವ ಬಂದ್ರಾ?" ಎನ್ನುತ್ತ ಎದ್ದೇಬಿಟ್ಟರು.

ಆಗ ನೆನಪಾಯಿತು. ಅಪ್ಪ ಕುರಿ ಕರೆಯುವುದನ್ನು ನಾನೇ ರೆಕಾರ್ಡ್ ಮಾಡಿ, ಕಂಪ್ಯೂಟರ್ ಶುರುವಾಗುವಾಗಿನ ಸದ್ದಾಗಿ ಇಟ್ಟಿದ್ದೆ. ಯಂತ್ರ ನಿಧಾನವಾದ ಮೇಲೆ ಅದು ತುಂಡು ತುಂಡಾಗಿ ಬರೀ ಗೊರಗುಟ್ಟುತ್ತಿತ್ತು. ಕಾರಣ ತಿಳಿದರೂ, ಹೊರಗೆ ನೋಡಿ ಮೈ ಜುಮ್ಮೆಂದಿತು. ಕುರಿಗಳೆಲ್ಲ ಎದ್ದು ಬಾಗಿಲ ಕಡೆಗೇ ನೋಡುತ್ತಿದ್ದವು. ಅಪ್ಪನ ದನಿಯನ್ನೇ ಕೇಳದ, ಅವರು ಹೋದ ಮೇಲೆ ಹುಟ್ಟಿದ ಮರಿಗಳೂ.

ಪ್ರಾಜೆಕ್ಟ್ ಮುಗಿಯಿತು. ಮೊನ್ನೆ ಡಿಗ್ರಿ ಸರ್ಟಿಫಿಕೇಟ್ ತಂದು, ಓದು ಬರಹ ತಿಳಿಯದ ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಸೆರಗಿನಿಂದ ಒರೆಸಿ ನನಗೇ ಹಿಂದಕ್ಕೆ ಕೊಟ್ಟು ಹೇಳಿದಳು: "ರೊಪ್ಪದ ಕಡೆ ತಿರುಗ್ಕೊಂಡು ಜೋರಾಗಿ ಓದವ್ವ. ನಿಮ್ಮಪ್ಪನೂ ಕೇಳ್ಲಿ."